ಅಕ್ಷರಕ್ಕೂ ಮೊದಲು ಮಾತು: ಮನೆಯಲ್ಲೇ ಮಗುವಿನ ಪದಸಂಪತ್ತು ಮತ್ತು ಓದು ಬೆಳೆಸುವ ಸಮಗ್ರ ಮಾರ್ಗದರ್ಶಿ

ಮಗಳು ಎರಡನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಪುಸ್ತಕ ಹಿಡಿದು ನನ್ನ ಮುಂದೆ ಕೂತಳು. "ಮೊಲವು ಪೊದೆಯೊಳಗೆ ಅವಿತುಕೊಂಡಿತು" ಎಂದು ಒಂದೇ ಉಸಿರಿಗೆ ಓದಿದಳು. ಒಂದಕ್ಷರ ತಪ್ಪಲಿಲ್ಲ. ಒಳಗೊಳಗೇ ಬೀಗಿದೆ. "ಮೊಲ ಈಗ ಎಲ್ಲಿದೆ ಪುಟ್ಟಿ?" ಎಂದು ಕೇಳಿದರೆ ನನ್ನ ಮುಖ ನೋಡಿದಳು. "ಪೊದೆ ಅಂದ್ರೇನಪ್ಪಾ?" ಅವಿತುಕೊಳ್ಳುವುದು ಎಂದರೂ ಗೊತ್ತಿರಲಿಲ್ಲ. ಬಚ್ಚಿಟ್ಟುಕೊಳ್ಳೋದು ಎಂದು ಹೇಳಿದ ಮೇಲೆ, "ಓ, ಹೈಡ್ ಮಾಡೋದಾ!" ಎಂದಳು.

ಮೂರು ತುಂಬುವ ಮೊದಲೇ ಗೋಡೆಗೆ ವರ್ಣಮಾಲೆಯ ಚಾರ್ಟ್ ಅಂಟಿಸಿ, ದಿನಾ ಬೆರಳಿಟ್ಟು ಹೇಳಿಸಿದವನು ನಾನೇ. ಅಕ್ಷರಗಳೆಲ್ಲ ಬಂದವು. ಆ ಅಕ್ಷರಗಳು ಕೂಡಿ ಕರೆಯುವ ಪದಗಳೇ ಅವಳ ಕಿವಿಗೆ ಬಿದ್ದಿರಲಿಲ್ಲ. ಅವಳ ತಮ್ಮ ಹುಟ್ಟಿದ ಮೇಲೆ ದಾರಿ ಬದಲಿಸಿದೆ. ಕೆಳಗೆ ಬರೆದಿರುವುದು ಆ ಎರಡನೇ ಸಲದ ದಾರಿ.

ನಾನು ಎಡವಿದ ಜಾಗವನ್ನು ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್‌ಮರ್ ಎಂಬ ಸಂಶೋಧಕರು 1986ರಲ್ಲೇ ಒಂದು ಲೆಕ್ಕದಂತೆ ಬರೆದಿಟ್ಟಿದ್ದರು. ಬರೆದದ್ದನ್ನು ಬಿಡಿಸಿ ಉಚ್ಚರಿಸುವ ಶಕ್ತಿಯನ್ನು, ಮಾತು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು. ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆಯೇ.

ಹಂತ 1: ಮಾತಿನ ಚೆಂಡಾಟ (ಹುಟ್ಟಿನಿಂದ)

ಕೂಸಿಗೆ ಅರ್ಥವಾಗುವುದಿಲ್ಲವಲ್ಲ ಎಂದು ಮಾತಾಡದೆ ಇರಬೇಡಿ. ಬಟ್ಟೆ ತೊಡಿಸುವಾಗ, ಸ್ನಾನ ಮಾಡಿಸುವಾಗ, ಬಟ್ಟೆ ಮಡಚುವಾಗ ಏನು ಮಾಡುತ್ತಿದ್ದೀರೋ ಅದನ್ನೇ ಹೇಳುತ್ತಾ ಹೋಗಿ. "ಈ ತೋಳು ಒಳಗೆ ಹೋಯ್ತು, ಇನ್ನೊಂದು ತೋಳು ಎಲ್ಲಿ? ಗುಂಡಿ ಹಾಕೋಣ."

ಆದರೆ ಸುಮ್ಮನೆ ಸುರಿದರೆ ಸಾಲದು, ಮಾತು ಅತ್ತಿತ್ತ ಹೋಗಿಬರಬೇಕು. 2018ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು 4ರಿಂದ 6 ವರ್ಷದ ಮಕ್ಕಳ ಮನೆಮಾತನ್ನು ಧ್ವನಿಮುದ್ರಿಸಿಕೊಂಡು, ಕತೆ ಕೇಳುವಾಗ ಅವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಕಿವಿಗೆ ಬಿದ್ದ ಒಟ್ಟು ಪದಗಳ ಸಂಖ್ಯೆಗಿಂತ, ದೊಡ್ಡವರೂ ಮಗುವೂ ಸರದಿಯಂತೆ ಆಡಿದ ಮಾತಿಗೂ ಮೆದುಳಿನ ಭಾಷಾಭಾಗದ ಚುರುಕಿಗೂ ಹೆಚ್ಚು ನಂಟು ಕಂಡಿತು.

ಹಾಗಾಗಿ ಒಂದು ಮಾತು ಹೇಳಿ ಕಾಯಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಈ ಐದು ಎಣಿಸುವುದು ಎಷ್ಟು ಕಷ್ಟ ಎಂಬುದು ಮಾಡಿ ನೋಡಿದವರಿಗೇ ಗೊತ್ತು, ಎರಡಕ್ಕೇ ನಮ್ಮ ಬಾಯಿ ತುರಿಸುತ್ತದೆ. ಕೂಸು ಕೈ ಆಡಿಸಲಿ, "ಊಂ" ಎನ್ನಲಿ, ಅದನ್ನೇ ಉತ್ತರವೆಂದುಕೊಂಡು ಮುಂದುವರಿಸಿ. ಎರಡು ಪದ ಜೋಡಿಸುವ ವಯಸ್ಸು ಬಂದ ಮೇಲೆ, ಅದು ಆಡಿದ ಮಾತಿಗೆ ಸ್ವಲ್ಪ ಮಾಂಸ ತುಂಬಿ ಹಿಂದಿರುಗಿಸಿ. "ನಾಯಿ ಓತು" ಎಂದರೆ, "ಹೌದು, ಕರೀ ನಾಯಿ ಬಾಲ ಮುದುರಿಕೊಂಡು ಓಡಿಹೋಯ್ತು." "ಓತು ಅಲ್ಲ, ಹೋಯ್ತು ಅನ್ನು" ಎಂದು ತಿದ್ದುವ ಅಗತ್ಯವಿಲ್ಲ. ಸರಿಯಾದ ರೂಪ ನಿಮ್ಮ ಉತ್ತರದಲ್ಲೇ ಇದೆ.

ಟಿವಿ, ಮೊಬೈಲಿನ ಪರದೆಯ ಬಗ್ಗೆ ಎರಡೇ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು. ಮೊಬೈಲು ಎಷ್ಟು ಚೆನ್ನಾಗಿ ಮಾತಾಡಿದರೂ ಮಗು "ಓತು" ಎಂದಾಗ ಅದು ತಿರುಗಿ ನೋಡುವುದಿಲ್ಲ.

ಹಂತ 2: "ಮಾಡು" ನುಂಗಿದ ಪದಗಳನ್ನು ಹೊರಗೆ ತೆಗೆಯುವುದು

ನನ್ನ ಮನೆಯ ನಿಜವಾದ ತೊಂದರೆ ಇದ್ದದ್ದು ಇಲ್ಲಿ. ನಮ್ಮ ಮನೆಮಾತಿನಲ್ಲಿ ಎಲ್ಲವೂ "ಕಟ್ ಮಾಡು", "ಓಪನ್ ಮಾಡು", "ಕ್ಲೀನ್ ಮಾಡು". ಇಂಗ್ಲಿಷ್ ಪದ ಬಂದದ್ದರ ಬಗ್ಗೆ ನನ್ನ ತಕರಾರಿಲ್ಲ. ಬಸ್ಸು, ಪೆನ್ಸಿಲು, ಲೈಟು ಕನ್ನಡದವೇ ಆಗಿಹೋಗಿವೆ. ಆದರೆ ಒಂದು "ಕಟ್ ಮಾಡು" ಬಂದು ಎಷ್ಟು ಕ್ರಿಯಾಪದಗಳನ್ನು ನುಂಗಿತು ನೋಡಿ: ತರಕಾರಿ ಹೆಚ್ಚುತ್ತೇವೆ, ಹೂ ಕೊಯ್ಯುತ್ತೇವೆ, ಮರ ಕಡಿಯುತ್ತೇವೆ, ಕಾಗದ ಕತ್ತರಿಸುತ್ತೇವೆ, ಸೌದೆ ಸೀಳುತ್ತೇವೆ. "ಓಪನ್ ಮಾಡು" ಕೂಡ ಹಾಗೆಯೇ. ಕಣ್ಣು ಬಿಡುವುದು, ಬಾಗಿಲು ತೆಗೆಯುವುದು, ಗಂಟು ಬಿಚ್ಚುವುದು, ಪುಸ್ತಕ ತೆರೆಯುವುದು ಎಲ್ಲ ಒಂದೇ ಆಯಿತು. ಮಗು ನಾಳೆ ಪುಸ್ತಕದಲ್ಲಿ ಎದುರಾಗುವುದು ಈ ನುಂಗಿಹೋದ ಪದಗಳನ್ನೇ.

ಮಾಡಬೇಕಾದದ್ದು ಸರಳ. ವಾರಕ್ಕೊಂದು "ಮಾಡು" ಹಿಡಿದುಕೊಳ್ಳಿ. ಆ ವಾರ ಮನೆಯವರೆಲ್ಲ ಅದರ ಬದಲು ನಿಜವಾದ ಕ್ರಿಯಾಪದ ಬಳಸಬೇಕು. ಮೊದಲ ವಾರ ನಮ್ಮಲ್ಲಿ "ಕ್ಲೀನ್ ಮಾಡು" ಬಹಿಷ್ಕಾರ. ಗುಡಿಸು, ಒರೆಸು, ತೊಳೆ, ಉಜ್ಜು, ಕೊಡವು, ಬಳಿ ಎಂದು ಆರು ಪದ ಸಿಕ್ಕವು. ತಪ್ಪಿದವರನ್ನು ಮಕ್ಕಳು ಹಿಡಿಯುತ್ತಿದ್ದರು, ಹೆಚ್ಚು ಸಲ ಸಿಕ್ಕಿಬಿದ್ದದ್ದು ನಾನೇ.

ಯಾವ ಪದ ಕಲಿಸಬೇಕು ಎಂಬುದಕ್ಕೆ ಶಿಕ್ಷಣ ಸಂಶೋಧಕಿ ಇಸಬೆಲ್ ಬೆಕ್ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ಮೂರು ಮೆಟ್ಟಿಲಿನ ವಿಂಗಡಣೆ ನನಗೆ ತುಂಬಾ ಉಪಯೋಗಕ್ಕೆ ಬಂತು. ನೀರು, ಮನೆ, ಬಾ, ಹೋಗು ಮೊದಲ ಮೆಟ್ಟಿಲು, ಅವು ತಾವಾಗಿಯೇ ಬರುತ್ತವೆ. ದ್ಯುತಿಸಂಶ್ಲೇಷಣೆಯಂಥವು ಮೂರನೆಯದು, ಪಾಠ ಬಂದಾಗ ಬರಲಿ. ನಡುವಿನ ಮೆಟ್ಟಿಲಿನ ಇಣುಕು, ಹಿಂಜರಿ, ಒರಟು, ಅಪರೂಪ, ದಿಟ್ಟಿಸು, ತಬ್ಬಿಬ್ಬು, ಹವಣಿಸು ಇವುಗಳ ಮೇಲೆ ಶ್ರಮ ಹಾಕಿ. ಯಾವ ಕತೆಯಲ್ಲಾದರೂ ಬರುವ, ಆದರೆ ಅಡುಗೆಮನೆಯ ಮಾತಿನಲ್ಲಿ ಅಷ್ಟಾಗಿ ಬಾರದ ಪದಗಳಿವು.

ಪದವನ್ನು ಕಲಿಸುವ ಬಗೆಗೂ ಒಂದು ಹಳೆಯ ಪ್ರಯೋಗ ದಾರಿ ತೋರಿಸುತ್ತದೆ. 1978ರಲ್ಲಿ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್‌ಲೆಟ್ ಮೂರು-ನಾಲ್ಕು ವರ್ಷದ ಮಕ್ಕಳಿಗೆ, ಪಾಠದಂತಲ್ಲದೆ ಸುಮ್ಮನೆ, "ಆ ಕ್ರೋಮಿಯಂ ಟ್ರೇ ತಾ, ನೀಲಿಯದಲ್ಲ, ಕ್ರೋಮಿಯಂದು" ಎಂದು ಹೇಳಿಸಿದರು. ಆ ಬಣ್ಣದ ಹೆಸರು ಮಕ್ಕಳು ಕೇಳಿಯೇ ಇರಲಿಲ್ಲ. ಆದರೂ ಹಲವರಿಗೆ ಅದೊಂದು ಬಣ್ಣದ ಹೆಸರು ಎಂಬ ಎಳೆ ಆ ಒಂದೇ ಸಲಕ್ಕೆ ಸಿಕ್ಕು, ದಿನಗಳ ನಂತರವೂ ಉಳಿದಿತ್ತು. ಪೂರ್ತಿ ಅರ್ಥ ಕೂಡುವುದಕ್ಕೆ ಮಾತ್ರ ಅದೇ ಪದ ಬೇರೆ ಬೇರೆ ಸಂದರ್ಭದಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳಬೇಕು.

"ಹಿಂಜರಿ" ನಮ್ಮ ಮನೆಗೆ ಬಂದದ್ದು ಹೀಗೆ. ಮಗ ಜಾರುಬಂಡೆಯ ಮೇಲೆ ಕೂತು ಕೆಳಗೆ ನೋಡುತ್ತಿದ್ದ. "ಜಾರೋಕೆ ಹಿಂಜರಿಯುತ್ತಿದ್ದೀಯಾ? ಸ್ವಲ್ಪ ಭಯ, ಸ್ವಲ್ಪ ಆಸೆ, ಅಲ್ವಾ?" ಎಂದೆ. ಮಾರನೇ ದಿನ ಬೆಕ್ಕೊಂದು ಹೊಸ್ತಿಲಲ್ಲಿ ಒಂದು ಕಾಲು ಮುಂದಿಟ್ಟು ನಿಂತಿತ್ತು. "ನೋಡು, ಒಳಗೆ ಬರೋಕೆ ಹಿಂಜರೀತಿದೆ." ನಾಲ್ಕೈದು ದಿನ ಕಳೆದಿರಬೇಕು, ಬೆಳಿಗ್ಗೆ ತಣ್ಣೀರಿನ ಬಕೆಟ್ಟಿನ ಮುಂದೆ ತಂಬಿಗೆ ಹಿಡಿದು ನಿಂತಿದ್ದೆ. ಬಾಗಿಲ ಆಚೆಯಿಂದ ಸದ್ದು: "ಅಪ್ಪಾ, ಹಿಂಜರೀಬೇಡ, ಹೊಯ್ಕೋ!" ಅರ್ಥವನ್ನು ನಾನು ಒಮ್ಮೆಯೂ ಬಾಯಿಪಾಠ ಮಾಡಿಸಿರಲಿಲ್ಲ.

ಇನ್ನೆರಡು ಗಣಿಗಳಿವೆ. ಒಂದು, ಸದ್ದಿನ ಪದಗಳು: ಗಳಗಳನೆ ಅತ್ತ, ಕಿಲಕಿಲ ನಕ್ಕಳು, ದಬದಬ ಬಡಿದ, ಚಿಟಪಟ ಮಳೆ. ಮಕ್ಕಳಿಗೆ ಇವು ಆಟಿಕೆಗಳು. ಇನ್ನೊಂದು, ಪದ ಕಟ್ಟುವ ಆಟ. ಆಟ ಆಡುವವನು ಆಟಗಾರ, ಓಟಕ್ಕೆ ಓಟಗಾರ, ಹಾಡಿಗೆ ಹಾಡುಗಾರ ಎಂದು ಹೇಳಿ ಬಿಟ್ಟುಬಿಡಿ. ಮಗಳು ತಮ್ಮನಿಗೆ "ಅಳುಗಾರ" ಎಂದು ಹೆಸರಿಟ್ಟಳು. ನಿಘಂಟಿನಲ್ಲಿ ಇಲ್ಲದಿರಬಹುದು, ಆದರೆ "ಗಾರ" ಅವಳಿಗೆ ದಕ್ಕಿತು.

ಹಂತ 3: ಓದಿ ಹೇಳುವುದು

ಮಗು ತಾನೇ ಓದಲು ಕಲಿತ ಮೇಲೂ ಇದನ್ನು ನಿಲ್ಲಿಸಬೇಡಿ. ಕನ್ನಡದಲ್ಲಿ ಇದಕ್ಕೆ ಒಂದು ವಿಶೇಷ ಕಾರಣವಿದೆ. ನಾವು ಆಡುವುದು "ಹೋಗ್ತಾನೆ", "ಬಂದ್ಬಿಟ್ಟ", ಪುಸ್ತಕದಲ್ಲಿರುವುದು "ಹೋಗುತ್ತಾನೆ", "ಬಂದುಬಿಟ್ಟನು". ಆಡುನುಡಿಗೂ ಬರಹಕ್ಕೂ ನಡುವೆ ಒಂದು ಹಳ್ಳ ಇದೆ. ಓದಿ ಹೇಳುವುದೇ ಅದಕ್ಕೆ ಸೇತುವೆ. ಆದ್ದರಿಂದ ಬರೆದದ್ದನ್ನು ಬರೆದಂತೆಯೇ ಓದಿ, ಅದರ ಬಗ್ಗೆ ಮಾತಾಡುವಾಗ ಮನೆಯ ನುಡಿಯಲ್ಲೇ ಮಾತಾಡಿ. ನಿಮ್ಮ ಮನೆಯ ನುಡಿ ಪುಸ್ತಕದ ನುಡಿಗಿಂತ ಬೇರೆ ಎಂದು ನಾಚಿಕೊಳ್ಳಬೇಕಿಲ್ಲ, ಮಗುವಿಗೆ ಎರಡೂ ಬೇಕು. ಮನೆಮಾತೇ ಬೇರೆ ಭಾಷೆಯಾಗಿದ್ದರೂ ಅದನ್ನು ಬಿಡಬೇಡಿ. ಒಂದು ಭಾಷೆಯಲ್ಲಿ ಪೊದೆ ಕಂಡ ಮಗುವಿಗೆ ಇನ್ನೊಂದು ಭಾಷೆಯಲ್ಲಿ ಕಲಿಯಬೇಕಾದದ್ದು ಹೆಸರನ್ನು ಮಾತ್ರ.

ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪುಟ್ಟ ಮಕ್ಕಳ ಅಪ್ಪ-ಅಮ್ಮಂದಿರಿಗೆ ಓದುವ ರೀತಿಯನ್ನಷ್ಟೇ ಬದಲಿಸಲು ಕಲಿಸಿದರು: ಸುಮ್ಮನೆ ಓದಿಕೊಂಡು ಹೋಗದೆ, ಕೇಳಿ, ಮಗು ಹೇಳಿದ್ದನ್ನು ಒಪ್ಪಿಕೊಂಡು, ಹಿಗ್ಗಿಸಿ, ಮತ್ತೆ ಹೇಳಿಸುವುದು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾಮೂಲಿನಂತೆ ಕತೆ ಕೇಳಿದವರಿಗಿಂತ ಮಾತಿನಲ್ಲಿ ಮುಂದಿದ್ದರು. ಮನೆಯಲ್ಲಿ ಅದು ಹೀಗಿರುತ್ತದೆ:

"ಇಲ್ಲಿ ಏನಾಗ್ತಿದೆ?"
"ಆನೆ ಬಿತ್ತು."
"ಹೌದು, ಆನೆ ಬಿತ್ತು. ಕೆಸರಲ್ಲಿ ಜಾರಿ ದೊಪ್ಪನೆ ಬಿತ್ತು. ಹೇಗೆ ಬಿತ್ತು?"
"ಕೆಸರಲ್ಲಿ ದೊಪ್ಪ!"
"ಈಗ ಅದು ಹೇಗೆ ಏಳುತ್ತೆ?"
"ಅವರಮ್ಮ ಬರ್ತಾಳೆ."

ಗಮನಿಸಿ, "ಇದೇನು? ಇದ್ಯಾವ ಬಣ್ಣ? ಇದಕ್ಕೆಷ್ಟು ಕಾಲು?" ಎಂಬ ಪರೀಕ್ಷೆ ಇಲ್ಲಿಲ್ಲ. ಉತ್ತರ ನಮಗೇ ಗೊತ್ತಿರುವ ಪ್ರಶ್ನೆಯನ್ನು ಮಗು ಬೇಗ ಮೂಸಿ ನೋಡುತ್ತದೆ. ಪುಟಕ್ಕೊಂದು ಪ್ರಶ್ನೆ ಬೇಕಿಲ್ಲ, ಕತೆಯೇ ಸತ್ತುಹೋಗುತ್ತದೆ. ಇಡೀ ಪುಸ್ತಕಕ್ಕೆ ಮೂರು-ನಾಲ್ಕು ಕಡೆ ನಿಂತರೆ ಧಾರಾಳ.

ಅದೇ ಪುಸ್ತಕವನ್ನು ಇಪ್ಪತ್ತನೇ ಸಲ ತಂದರೆ ಬೇಸರಪಡದೆ ಓದಿ. ಮೊದಲ ಸಲ ಮಗು ಕತೆ ಹಿಡಿಯುತ್ತದೆ, ಆಮೇಲೆ ಪದ, ಆಮೇಲೆ ವಾಕ್ಯದ ಧಾಟಿ. ಐದಾರನೇ ಸಲದಿಂದ ವಾಕ್ಯದ ಕೊನೆಯ ಪದ ಬಿಟ್ಟು ನಿಲ್ಲಿಸಿ, ಅದೇ ತುಂಬುತ್ತದೆ. ನಡುನಡುವೆ ಓದುವ ಸಾಲಿನ ಕೆಳಗೆ ಬೆರಳು ಸರಿಸಿ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಂಬುದು ನಮಗೆ ಸಹಜ, ಮಗುವಿಗೆ ಅದೂ ಕಲಿಕೆಯೇ. ಪುಸ್ತಕ ಕೊಳ್ಳುವುದು ಕಷ್ಟವಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿ, ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಸಿಗುತ್ತವೆ.

ಹಂತ 4: ಕಿವಿಯ ಆಟ (ಮೂರರಿಂದ ಐದು ವರ್ಷ)

ಕಾಗದ, ಪೆನ್ಸಿಲು ಬೇಡ. ನಡೆಯುತ್ತಾ, ಸರದಿಯಲ್ಲಿ ಕಾಯುತ್ತಾ ಆಡುವಂಥವು ಇವು.

ಚಪ್ಪಾಳೆ: ಪದವನ್ನು ಒಡೆದು ತಟ್ಟುವುದು. ಕಿ-ಟ-ಕಿ, ಮೂರು ಚಪ್ಪಾಳೆ. ಮನೆಯವರ ಹೆಸರಿನಿಂದ ಶುರುಮಾಡಿ.
ಪ್ರಾಸ: ಮರ, ಸರ, ಬರ... ಅರ್ಥವಿಲ್ಲದ ಪದ ಬಂದರೂ ಸರಿ.
ಬಾಲ ಹಿಡಿಯುವುದು: "ನವಿಲು" ಎಂದರೆ "ಲು"ಯಿಂದ ಶುರುವಾಗುವ ಪದ ಹುಡುಕಿ ಒದ್ದಾಡಬೇಕು. ಚಿಕ್ಕವರಿಗೆ ಮೊದಲಕ್ಷರದ ಆಟವೇ ಸಾಕು.
ತೆಗೆಯುವುದು: "ಅರಸ"ದಲ್ಲಿ "ಅ" ತೆಗೆದರೆ? ರಸ. "ಕಮಲ"ದಲ್ಲಿ "ಕ" ತೆಗೆಯಲು ಹೇಳಿದ ದಿನ ಮಕ್ಕಳಿಬ್ಬರೂ ಅರ್ಧ ಗಂಟೆ ಉರುಳಾಡಿ ನಕ್ಕರು, ಆಮೇಲೆ ಬಂದ ನೆಂಟರೆದುರೂ ಅದೇ ಪ್ರಶ್ನೆ.
ತಿರುಗಿಸುವುದು: "ಕಿಟಕಿ"ಯನ್ನು ಹಿಂದುಮುಂದು ಮಾಡಿದರೂ ಕಿಟಕಿಯೇ, "ಕುಟುಕು" ಕೂಡ. ಐದು ದಾಟಿದವರಿಗೆ ಇದು ಹುಚ್ಚು ಹಿಡಿಸುತ್ತದೆ.

ಹಂತ 5: ಅಕ್ಷರ

ಈಗ ಬಂತು ಚಾರ್ಟಿನ ಸರದಿ. ಅ ಆ ಇ ಈ ಎಂದು ಕ್ರಮವಾಗಿ 49 ಅಕ್ಷರ ಮುಗಿಸಿ ಆಮೇಲೆ ಪದಕ್ಕೆ ಹೋಗುವುದು ನಾನು ಮೊದಲ ಸಲ ಮಾಡಿದ್ದು. ತಿಂಗಳುಗಟ್ಟಲೆ ಕಲಿತರೂ ಮಗುವಿಗೆ ಓದಲು ಏನೂ ಇರುವುದಿಲ್ಲ. ಒಂದನೇ ತರಗತಿಯಲ್ಲಿ ರೂಢಿಯಲ್ಲಿರುವ ರ, ಗ, ಸ, ದ, ಅ ಕ್ರಮದ ಜಾಣತನ ನನಗೆ ತಡವಾಗಿ ಹೊಳೆಯಿತು. ಸುಲಭವಾಗಿ ಬರೆಯಬಹುದಾದ ಈ ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಸರಸರ, ಗರಗಸ ಎಲ್ಲ ಸಿಗುತ್ತವೆ. ಮೊದಲ ವಾರವೇ ಮಗು "ಗರಗಸ" ಎಂದು ಇಡೀ ಪದ ಓದಿದಾಗಿನ ಮುಖ ನೋಡಬೇಕು! ಮುಂದೆ ಜ, ವ, ಮ, ಬ, ನ ಸೇರಿದರೆ ಮರ, ವನ, ಜನ, ಬನ.

ಒಂದೇ ರೂಪದವನ್ನು ಒಟ್ಟಿಗೆ ಕಲಿಸಬೇಡಿ. ವ-ಪ-ಷ, ದ-ಧ-ಥ, ಬ-ಭ, ನ-ಸ ಇವು ಜಗಳಗಂಟಿ ಗುಂಪುಗಳು. ಒಂದು ಗಟ್ಟಿಯಾದ ಮೇಲೆ, ಒಂದೆರಡು ವಾರ ಬಿಟ್ಟು ಇನ್ನೊಂದು. ಬರೆಸುವಾಗ ಮೊದಲು ಮರಳಿನ ತಟ್ಟೆಯಲ್ಲಿ, ಗಾಳಿಯಲ್ಲಿ, ಬೆನ್ನಿನ ಮೇಲೆ ಬೆರಳಿನಿಂದ ದೊಡ್ಡದಾಗಿ. ಪೆನ್ಸಿಲು ಹಿಡಿಯುವ ಬೆರಳಿನ ಬಲ ಬೇರೆಯೇ ಕಲಿಕೆ, ಅದಕ್ಕೆ ಓದನ್ನು ಕಾಯಿಸಬಾರದು.

ಕಾಗುಣಿತ ದೊಡ್ಡ ದಿಬ್ಬ. 34 ವ್ಯಂಜನಕ್ಕೆ ಅಕಾರ ಬಿಟ್ಟು 12 ಸ್ವರಚಿಹ್ನೆ ಹಚ್ಚಿದರೆ 408 ರೂಪ. "ಕ ಕಾ ಕಿ ಕೀ" ಎಂದು ಅಡ್ಡಕ್ಕೆ ಹಾಡಿಸಿದರೆ ಹಾಡು ಬರುತ್ತದೆ, ನಡುವಿನ "ಕೇ" ತೋರಿಸಿದರೆ ಮಗು ಮೊದಲಿನಿಂದ ಹಾಡಿಕೊಂಡು ಬರಬೇಕು. ಉದ್ದಕ್ಕೆ ಕಲಿಸಿ ನೋಡಿ: ಈ ವಾರ ಇಳಿ ಮಾತ್ರ. ಕಾ, ಗಾ, ಸಾ, ಮಾ. ಕಲಿತ ಅಕ್ಷರಕ್ಕೆಲ್ಲ ಇಳಿ ಹಚ್ಚಿ ಓದಿದ ಮೇಲೆ ಗುಡಿಸು, ಆಮೇಲೆ ಕೊಂಬು, ಏತ್ವ. ವಟ್ರಸುಳಿಗೆ ಅವಸರವಿಲ್ಲ. ದೀರ್ಘ ತಪ್ಪುತ್ತಿದ್ದರೆ ಅಳು-ಆಳು, ಬಳೆ-ಬಾಳೆ, ಕೊಡು-ಕೋಡು ಎಂದು ಜೋಡಿ ಚೀಟಿ ಮಾಡಿ ಆಡಿಸಿ. ಅರ್ಥ ಬದಲಾಗುವುದು ಕಂಡಾಗ ಕಿವಿ ತಾನೇ ಚುರುಕಾಗುತ್ತದೆ.

ಒತ್ತಕ್ಷರದಲ್ಲಿ ಅಪ್ಪ, ಅಕ್ಕ, ಹಗ್ಗಗಳಿಂದ ಶುರುಮಾಡಿ, ಅಲ್ಲಿ ಒತ್ತು ತಾಯಕ್ಷರದ ಮುಖ ಉಳಿಸಿಕೊಂಡಿದೆ. ತ, ನ, ಮ, ಯ, ರ, ಲ ಒತ್ತುಗಳದ್ದು ಬೇರೆಯೇ ಮುಖ. ಅವನ್ನು ಹೊಸ ಅಕ್ಷರದಂತೆಯೇ ಒಂದೊಂದಾಗಿ ಕಲಿಸಬೇಕು. ಕತೆ-ಕತ್ತೆ, ಹಳಿ-ಹಳ್ಳಿ ಚೀಟಿಗಳು ಇಲ್ಲೂ ಕೆಲಸ ಮಾಡುತ್ತವೆ. ಕಡೆಗೆ ಅರ್ಕಾವತ್ತು. ಕಣ್ಣಿಗೆ ಹಿಂದೆ ಕಾಣುವುದನ್ನು ಬಾಯಲ್ಲಿ ಮುಂದೆ ಹೇಳಬೇಕು. "ಸೂರ್ಯ"ನನ್ನು ನನ್ನ ಮಗ ಬಹಳ ದಿನ "ಸೂಯ್ರ" ಎಂದೇ ಓದಿದ. ಅವನು ಕಂಡಂತೆಯೇ ಓದುತ್ತಿದ್ದ, ತಪ್ಪು ಅವನದ್ದಲ್ಲ.

ಇಷ್ಟೆಲ್ಲ ಒಂದು ವರ್ಷದಲ್ಲಿ ಮುಗಿಯುವ ಸಂಗತಿಯಲ್ಲ. ಕನ್ನಡ ಓದು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ತೋರಿಸಿದಂತೆ ನಮ್ಮ ಅಕ್ಷರಗಳ ಕಲಿಕೆ ಒಂದನೇ ತರಗತಿಗೆ ಮುಗಿಯದೆ ಮುಂದಿನ ತರಗತಿಗಳವರೆಗೂ ಸಾಗುತ್ತದೆ. "ಕಿ" ಎಂಬುದರೊಳಗೆ "ಕ್" ಮತ್ತು "ಇ" ಅಡಗಿವೆ ಎಂಬ ಅರಿವೂ ನಿಧಾನವಾಗಿಯೇ ಮೂಡುತ್ತದೆ. 26 ಅಕ್ಷರದ ಇಂಗ್ಲಿಷ್ ಕಲಿತ ಪಕ್ಕದ ಮಗುವಿನ ಜೊತೆ ಹೋಲಿಸಿ ಮನೆಯಲ್ಲಿ ಗಲಾಟೆ ಮಾಡಬೇಡಿ.

ಹಂತ 6: ಮಗು ತಾನೇ ಓದುವಾಗ

ಪುಸ್ತಕ ಆರಿಸಲು ಒಂದು ಸುಲಭ ಉಪಾಯ. ಒಂದು ಪುಟ ಓದಿಸಿ, ತಡೆದ ಪದಕ್ಕೆಲ್ಲ ಒಂದೊಂದು ಬೆರಳು ಮಡಚಲಿ. ಐದೂ ಮಡಚಿದರೆ ಆ ಪುಸ್ತಕವನ್ನು ಸದ್ಯಕ್ಕೆ ನೀವೇ ಓದಿ ಹೇಳಿ.

ತಡೆದಾಗ ತಕ್ಷಣ ಬಾಯಿ ಹಾಕಬೇಡಿ, ಮತ್ತೆ ಆ ಐದು ಎಣಿಕೆ. ಆಗಲೂ ಆಗದಿದ್ದರೆ ಪದದ ಬಾಲವನ್ನು ಬೆರಳಿನಿಂದ ಮುಚ್ಚಿ. "ಓಡಿಹೋಗುತ್ತಿದ್ದನು" ಎಂಬ ರೈಲು ಒಟ್ಟಿಗೆ ಕಂಡರೆ ದೊಡ್ಡವರಿಗೂ ಉಸಿರು ಕಟ್ಟುತ್ತದೆ. "ಓಡಿ", ಬೆರಳು ಸರಿಸಿ "ಹೋಗು", ಮತ್ತೆ ಸರಿಸಿ "ತ್ತಿದ್ದನು", ಆಮೇಲೆ ಇಡೀ ಪದ. ಚಿತ್ರ ನೋಡಿ ಊಹಿಸು ಎಂದು ಮಾತ್ರ ಹೇಳಬೇಡಿ. ಊಹೆ ಅಭ್ಯಾಸವಾದರೆ ಚಿತ್ರವಿಲ್ಲದ ಪುಸ್ತಕದಲ್ಲಿ ಮಗು ಕೈಚೆಲ್ಲುತ್ತದೆ. ಅರ್ಥ ಕೆಡದ ಸಣ್ಣ ತಪ್ಪನ್ನು ಹೋಗಲಿ ಬಿಡಿ. ಅರ್ಥ ಕೆಟ್ಟರೆ ವಾಕ್ಯದ ಕೊನೆವರೆಗೆ ಕಾದು, "ಸರಿ ಕೇಳಿಸ್ತಾ?" ಎಂದು ಕೇಳಿ.

ತಡವರಿಸಿ ಓದುವ ಮಗುವಿಗೆ ಜೋಡಿ ಓದು ಒಳ್ಳೆಯದು: ನೀವು ಒಂದು ವಾಕ್ಯ, ಮಗು ಅದೇ ವಾಕ್ಯ, ಆಮೇಲೆ ಇಬ್ಬರೂ ಒಟ್ಟಿಗೆ. ದಿನಕ್ಕೆ 10–15 ನಿಮಿಷ ಸಾಕು, ಭಾನುವಾರ ಎರಡು ಗಂಟೆ ಕೂರಿಸಿ ವಾರದ ಬಾಕಿ ತೀರಿಸುವುದು ಬೇಡ. ಓದು ಮುಗಿದ ಮೇಲೆ "ಏನರ್ಥವಾಯ್ತು ಹೇಳು" ಎಂದು ನಿಲ್ಲಿಸುವ ಬದಲು, "ನೀನಾಗಿದ್ರೆ ಏನ್ಮಾಡ್ತಿದ್ದೆ?" ಎಂದು ಕೇಳಿ ನೋಡಿ, ಅರ್ಥವಾಗಿದೆಯೋ ಇಲ್ಲವೋ ಉತ್ತರದಲ್ಲೇ ಗೊತ್ತಾಗುತ್ತದೆ.

ಯಾವಾಗ ತಜ್ಞರ ಬಳಿ ಹೋಗಬೇಕು

ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದಿದ್ದರೆ, ಕಲಿತ ಮಾತು ಬಿಟ್ಟುಹೋದರೆ, ಕರೆದರೆ ತಿರುಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. "ನಮ್ಮ ಮನೇಲಿ ಎಲ್ರೂ ತಡವಾಗೇ ಮಾತಾಡಿದ್ದು" ಎಂದು ಕಾಯುವುದರಲ್ಲಿ ಲಾಭವಿಲ್ಲ. ಎರಡು-ಮೂರನೇ ತರಗತಿಯ ಮಗು ಸರಿಯಾಗಿ ಕಲಿಸಿದರೂ ನಿನ್ನೆ ಓದಿದ ಅಕ್ಷರವನ್ನು ಇಂದು ಗುರುತಿಸದಿದ್ದರೆ, ಮಾತಿನಲ್ಲಿ ಚುರುಕಾಗಿದ್ದೂ ಪುಸ್ತಕ ಕಂಡರೆ ಹೊಟ್ಟೆನೋವು ಎನ್ನುತ್ತಿದ್ದರೆ, ಅದು ಸೋಮಾರಿತನ ಆಗಿರಬೇಕಿಲ್ಲ, ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕಿರಬಹುದು. ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿ, ಆಮೇಲೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಿ. ಹೋಗುವಾಗ ಮಗು ಓದಿದ್ದನ್ನು ನಾಲ್ಕಾರು ದಿನ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಬರೆದ ಪುಟಗಳನ್ನೂ ಜೊತೆಗೆ ಒಯ್ಯಿರಿ. ಹೊಸ ಜಾಗದಲ್ಲಿ ಮಗು ಬಾಯಿ ಬಿಡದೆ ಕೂತರೂ ಅವರಿಗೆ ಪರಿಶೀಲಿಸಲು ಏನಾದರೂ ಇರುತ್ತದೆ.